ಗೊಟಗೋಡಿಯಲ್ಲಿ ನೆರಳಿಲ್ಲದ ಮಧ್ಯಾಹ್ನ

"ಇಂಥಾ ಬಿಸಿಲಾಗ ಯಾರರ ಹೊರಗ ಬೀಳ್ತಾರೇನು?" ಎಂದು ಅಕ್ಕ ಬೈಯುತ್ತಲೇ ಬುತ್ತಿ ಕಟ್ಟಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು. ಅವತ್ತು ಮೇ 1. ಹುಬ್ಬಳ್ಳಿಯ ಅವಳ ಮನೆಯಲ್ಲಿ ಫ್ಯಾನ್ ಕೂಡ ಬಿಸಿಗಾಳಿಯನ್ನೇ ಬೀಸುತ್ತಿತ್ತು. ನಾನು ಅವ್ವನನ್ನೂ ಅಕ್ಕನ ಮಗನನ್ನೂ ಕರೆದುಕೊಂಡು ಹೊರಟೆ.

ಹುಬ್ಬಳ್ಳಿಯಿಂದ ಬೆಂಗಳೂರು ಕಡೆ ಹೆದ್ದಾರಿ ಹಿಡಿದರೆ ಶಿಗ್ಗಾವಿ ತಾಲ್ಲೂಕಿನಲ್ಲಿ ರಸ್ತೆ ಪಕ್ಕದಲ್ಲೇ ಸಿಗುವ ಊರು ಗೊಟಗೋಡಿ. ಜಾನಪದ ವಿಶ್ವವಿದ್ಯಾಲಯ ಇರುವುದೂ ಇಲ್ಲೇ. ನಾವು ಹೋದದ್ದು ಉತ್ಸವ ರಾಕ್ ಗಾರ್ಡನ್‌ಗೆ. ಥೀಮ್ ಪಾರ್ಕ್ ಅಂದ ತಕ್ಷಣ ನೀರಿನ ಜಾರುಬಂಡೆ, ತಲೆ ತಿರುಗಿಸುವ ತೊಟ್ಟಿಲು ನೆನಪಾಗುತ್ತದೆ ಅಲ್ವಾ? ಇಲ್ಲಿಯ ಥೀಮು ಉತ್ತರ ಕರ್ನಾಟಕದ ಹಳ್ಳಿ. ಆಳೆತ್ತರದ ಸಿಮೆಂಟಿನ ಜನ, ದನ, ಕೊಟ್ಟಿಗೆ, ವಾಡೆ ಅನ್ನುವ ಹಳೇ ಕಾಲದ ದೊಡ್ಡ ಮನೆ. ಇದನ್ನು ಕಟ್ಟಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರಿಗೆ ನಮ್ಮ ಕಡೆಯ ಜಾನಪದ ರಂಗಕಲೆ ದೊಡ್ಡಾಟದ ನಂಟೂ ಇತ್ತು. ಅದಕ್ಕೇ ಇರಬೇಕು, ಇಲ್ಲಿನ ಗೊಂಬೆಗಳು ಸುಮ್ನೆ ನಿಂತಿರುವುದಿಲ್ಲ. ಒಬ್ಬರು ಏನೋ ಹೇಳಿ ಮುಗಿಸಿದಂತೆ, ಇನ್ನೊಬ್ಬರು ಉತ್ತರಕ್ಕೆ ಬಾಯಿ ತೆರೆಯುವಂತೆ ಇರುತ್ತವೆ.

ಆ ದಿನವನ್ನೇ ಆರಿಸಿದ್ದು ಅಳಿಯ. ಆರನೇ ಕ್ಲಾಸು ಮುಗಿಸಿದ್ದಾನೆ. ಶಾಲೆಯಲ್ಲಿ ಯಾರೋ ನೆರಳಿಲ್ಲದ ದಿನದ ಬಗ್ಗೆ ಹೇಳಿಕೊಟ್ಟಿದ್ದರಂತೆ. ನಮ್ಮ ಕಡೆ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಅಥವಾ 25ಕ್ಕೆ. ಗೊಟಗೋಡಿ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಇನ್ನೂ ಉತ್ತರಕ್ಕೆ ಇರುವುದರಿಂದ ಮೇ ಮೊದಲ ದಿನದ ಹೊತ್ತಿಗೆ. ಎರಡನೇ ಸಲ ಆಗಸ್ಟ್‌ನಲ್ಲಿ. ಆಗ ಮೋಡ ಕಟ್ಟಿರುವುದೇ ಜಾಸ್ತಿ. ಇಂಥ ದಿನ ಫೋಟೊ ತೆಗೆಯುವವನು ಮನೆಯಲ್ಲಿ ಮಲಗಬೇಕು. ನಾನು ಹೋದೆ.

ಹನ್ನೆರಡಕ್ಕೆ ಒಳಗೆ ಕಾಲಿಟ್ಟಾಗ ರಣರಣ ಬಿಸಿಲು. ಕ್ಯಾಮೆರಾದ ಲೆಕ್ಕ ಸುಲಭ: ಲೆನ್ಸಿನ ಕಿಂಡಿ ಎಫ್ 16, ಬೆಳಕಿನ ಸೂಕ್ಷ್ಮತೆ ಐಎಸ್ಒ 100, ಶಟರ್ 1/125 ಸೆಕೆಂಡು. ಬೆಳಕು ಅಳೆಯುವ ಮೀಟರ್ ಇಲ್ಲದ ಕಾಲದಿಂದಲೂ ಸುಡುಬಿಸಿಲಿಗೆ ಇದೇ ಬಾಯಿಪಾಠ. ಬೆಳಕಿನ ಪ್ರಮಾಣ ಸರಿಯೇ ಬಂತು. ಚಿತ್ರ ಮಾತ್ರ ಬರಲಿಲ್ಲ. ರೈತನ ಬಿಳಿ ಧೋತರ ಸುಣ್ಣ ಬಳಿದಂತೆ ಚಪ್ಪಟೆ, ಹುಬ್ಬಿನ ಕೆಳಗೆ ಕಣ್ಣೆಲ್ಲಾ ಕಪ್ಪು ಗುಳಿ. ಬಣ್ಣ ಹಚ್ಚಿದ ಸಿಮೆಂಟು ಎಣ್ಣೆ ಸವರಿದಂತೆ ಮಿನುಗುತ್ತಿತ್ತು. ಲೆನ್ಸಿಗೆ ಮಿನುಗು ತಗ್ಗಿಸುವ ಗಾಜು, ಪೋಲರೈಸರ್, ಹಾಕಿ ತಿರುಗಿಸಿದೆ, ಮಿನುಗು ಅರ್ಧ ಇಳಿಯಿತು. ಕಣ್ಣು ಗುಳಿಯಿಂದ ಮೇಲೆ ಬರಲಿಲ್ಲ.

12 ಗಂಟೆ 26 ನಿಮಿಷದ ಆಸುಪಾಸಿಗೆ ಅಳಿಯ ನೀರಿನ ಬಾಟಲಿಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ. ಸುತ್ತಲೂ ಒಂದು ಗೆರೆಯಷ್ಟೂ ನೆರಳಿಲ್ಲ. "ಮಾಮಾ, ಎತ್ತಿನ್ವು ನೋಡ್!" ಎಂದ. ನಾಲ್ಕು ಕಾಲಿನ ಎತ್ತಿನ ನೆರಳು ಪೂರ್ತಿ ಹೊಟ್ಟೆಯ ಕೆಳಗೆ ಅಡಗಿ ಕೂತಿತ್ತು. ಕೋಡಿನ ನೆರಳು ತಲೆಯ ಮೇಲೇ ಬಿದ್ದಿತ್ತು. ಅರ್ಧ ಗಂಟೆ ಮೊದಲು ಉಸಿರಾಡುವಂತಿದ್ದ ಎತ್ತು ಈಗ ಪಕ್ಕಾ ಸಿಮೆಂಟು. ಪಕ್ಕೆಲುಬಿನ ಉಬ್ಬು ತಗ್ಗು ತೋರಿಸಲಿಕ್ಕೆ ಒಂದು ಚೂರು ಕಪ್ಪು ಬೇಕು, ಅದೇ ಮಾಯ.

ಇದರ ಮಧ್ಯೆ ಕ್ಯಾಮೆರಾ ಇನ್ನೊಂದು ಆಟ ಶುರು ಮಾಡಿತು. ಮುಖ ಗುರುತಿಸುವ ಹಳದಿ ಚೌಕ ಗೊಂಬೆಗಳ ಮುಖಕ್ಕೆಲ್ಲ ತಟ್ಟನೆ ಕೂರುತ್ತಿತ್ತು. ನಡುವೆ ನಿಂತಿದ್ದ ಅವ್ವನಿಗೆ ಮಾತ್ರ ಇಲ್ಲ. ಬಿಸಿಲಿಗೆ ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದಳಲ್ಲ. "ಅವ್ವಾ, ಸೆರಗ ಸ್ವಲ್ಪ ಹಿಂದ ಸರಸು, ಕ್ಯಾಮೆರಾಕ್ಕ ನೀ ಕಾಣವಲ್ಲಿ," ಎಂದೆ. "ಕಾಣದಿದ್ರ ಬಿಡು. ಬಿಸಲ ನನಗ ಕಾಣಾಕತ್ತೇತಿ," ಎಂದಳು.

ಆಮೇಲೆ ಫೋನೂ ಕೈಕೊಟ್ಟಿತು. ಸಿಮೆಂಟಿನ ಕಟ್ಟೆಯ ಮೇಲೆ ಇಟ್ಟು ಮರೆತದ್ದು ನನ್ನದೇ ತಪ್ಪು. ಎತ್ತಿಕೊಂಡಾಗ ಹಂಚಿನಷ್ಟು ಸುಡುತ್ತಿತ್ತು. ಪರದೆ ಮಬ್ಬಾಗಿ, ತಣ್ಣಗಾಗುವ ತನಕ ಏನೂ ಮಾಡುವುದಿಲ್ಲ ಎಂದು ಬರೆದು ಕೂತಿತು. ಅದಕ್ಕಾದರೂ ಬುದ್ಧಿ ಇತ್ತು.

ರಾಜಕುಮಾರ್ ಅವರ ಪಾತ್ರಗಳ ಮೂರ್ತಿಗಳಿರುವ ಕಡೆ ಜನರ ಗುಂಪು. ಎಲ್ಲರಿಗೂ ಅಣ್ಣಾವ್ರ ಪಕ್ಕದಲ್ಲೇ ಸೆಲ್ಫಿ ಬೇಕು. ನಾವು ಬೇಗ ದಾಟಿ ವಾಡೆಯ ಒಳಗೆ ನುಗ್ಗಿದೆವು.

ಅವತ್ತಿನ ಫೋಟೊಗಳು ಹುಟ್ಟಿದ್ದೆಲ್ಲ ಇಲ್ಲೇ. ತಲೆಯ ಮೇಲೆ ಮಾಳಿಗೆ, ಎದುರಿಗೆ ಅಂಗಳ. ಅಂಗಳಕ್ಕೆ ಬಿದ್ದ ಬಿಸಿಲು ನೆಲಕ್ಕೆ ಬಡಿದು, ಮೆತ್ತಗಾಗಿ, ಕೆಳಗಿನಿಂದ ಒಳಗೆ ಬರುತ್ತಿತ್ತು. ಕಪ್ಪು ಗುಳಿಗಳಲ್ಲಿ ಕಣ್ಣು ಮೂಡಿದವು. ಬೀಸುವ ಕಲ್ಲಿನ ಮುಂದೆ ಕೂತ ಒಬ್ಬ ಮುದುಕಿಯ ಗೊಂಬೆ ಇತ್ತು. ಬೆಳಕು ಸ್ವಲ್ಪ ಕಡಿಮೆ ಅನ್ನಿಸಿತು. ಅಳಿಯನ ಕೈಗೆ ನನ್ನ ಬಿಳಿ ಟಾವೆಲ್ ಕೊಟ್ಟು, ಹೊಸ್ತಿಲ ಹತ್ತಿರ ಬಿಸಿಲಿಗೆ ಹಿಡಿದು ಒಳಗೆ ವಾಲಿಸು ಎಂದೆ. ಹಾದುಹೋಗುತ್ತಿದ್ದ ಒಂದು ಕುಟುಂಬ ನಿಂತು ನೋಡಿತು. ಅದರಲ್ಲಿದ್ದ ಅಜ್ಜ, "ಏನ್ರಿ, ಗೊಂಬಿಗೆ ಗಾಳಿ ಹಾಕಾಕತ್ತೀರೇನು?" ಎಂದು ಕೇಳಿಯೇ ಬಿಟ್ಟರು.

ಅವ್ವ ಮುದುಕಿಯ ಪಕ್ಕದಲ್ಲಿ ಕೂತಳು. ಸೆರಗು ತಾನಾಗಿ ಹಿಂದೆ ಸರಿದಿತ್ತು. ಹಳದಿ ಚೌಕ ಈ ಸಲ ಅವಳ ಮುಖದ ಮೇಲೆ ಕೂತಿತು. ಆದರೆ ಅವಳು ಕ್ಯಾಮೆರಾ ಕಡೆ ನೋಡಲಿಲ್ಲ. ಗೊಂಬೆಯ ಕೈಯನ್ನೇ ನೋಡುತ್ತಿದ್ದಳು. ಕಲ್ಲಿನ ಗೂಟದ ಮೇಲೆ ಬೆರಳು ಸುತ್ತಿ, ಹೆಬ್ಬೆರಳನ್ನು ಮಾತ್ರ ಮೇಲಕ್ಕೆ ಒರಗಿಸಿದ ಹಿಡಿತ. ಎರಡು ಫೋಟೊ ತೆಗೆದೆ. ಅಷ್ಟರಲ್ಲಿ ಅಳಿಯನ ಕೈ ಸೋತು ಟಾವೆಲ್ ಇಳಿಯಿತು.

ಬುತ್ತಿ ಉಂಡು ಅಲ್ಲೇ ನೆರಳಿನಲ್ಲಿ ಒರಗಿದೆವು. ನಾಲ್ಕೂವರೆಗೆ ಮತ್ತೆ ಎತ್ತುಗಳ ಹತ್ತಿರ ಹೋದೆ. ಬೆಳಕು ಓರೆಯಾಗಿತ್ತು. ಪಕ್ಕೆಲುಬು, ಕುತ್ತಿಗೆಯ ಮಡಿಕೆ, ಎಲ್ಲ ವಾಪಸ್ ಬಂದಿದ್ದವು. ನನ್ನ ಮಟ್ಟಿಗೆ ಆ ದಿನದ ಒಳ್ಳೆಯ ಫೋಟೊ ಅದೇ.

ರಾತ್ರಿ ಅಕ್ಕನ ಮನೆಯಲ್ಲಿ ಎಲ್ಲವನ್ನೂ ಟಿವಿಗೆ ಹಾಕಿ ತೋರಿಸಿದೆ. ಎತ್ತು ಬಂದಾಗ ಅವ್ವ ಆಕಳಿಸಿದಳು. ವಾಡೆಯ ಫೋಟೊ ಬಂದಾಗ ತಡೆದಳು.

"ಇದನ್ನ ದೊಡ್ಡದು ಮಾಡಿಸಿ ಕೊಡು. ನಮ್ಮವ್ವ ಹಿಂಗ ಹಿಡೀತಿದ್ಳು ಗೂಟಾ."

"ನಿನ್ನ ಮುಖ ಅರ್ಧ ಕತ್ತಲಾಗ ಬಂದೇತಿ ಅವ್ವಾ. ಇನ್ನೊಂದು ಫೋಟೊ ಚೊಲೊ ಅದ."

"ನನ್ನ ಮುಖ ಕತ್ತರಿಸಿದ್ರೂ ನಡೀತದ. ಆಕಿ ಕೈ ಪೂರಾ ಬರ್ಲಿ."