ಬಿಚ್ಚದೆ ಕೊಡಿ, ಒಟ್ಟಿಗೆ ಕಳಿಸಿ

ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ, ಸರ್ವಿಸ್ ನನ್ನ ಕೆಲಸ. ಗಂಜ್ ಮಾರುಕಟ್ಟೆಯ ಅಂಗಡಿಗಳು, ಹತ್ತಿ ಜಿನ್ನಿಂಗ್ ಮಿಲ್ಲುಗಳು, ಅಕ್ಕಿ ಗಿರಣಿಗಳು, ಒಂದೆರಡು ಕಾಲೇಜುಗಳು ನಮ್ಮ ಗಿರಾಕಿಗಳು. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಎಳೆ ಸೇರಿ ಫ್ಯಾನ್ ಕಟ್ಟಿಕೊಳ್ಳುತ್ತದೆ, ಕಂಪ್ಯೂಟರ್ ಕಾದು ನಿಂತುಹೋಗುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿದು ಅಡಾಪ್ಟರ್, ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಸುಡುತ್ತವೆ. ಹಾಗಾಗಿ ಕೆಟ್ಟ ಸಾಮಾನು, ಅಂದರೆ ಇ-ತ್ಯಾಜ್ಯ, ಅಂಗಡಿಗೆ ಬರುತ್ತಲೇ ಇರುತ್ತದೆ.

ಈ ಸಾಮಾನಿನ ನಡುವೆ ಇದ್ದು ನಾನು ಕಲಿತದ್ದು ಇಷ್ಟು. ಹಳೆ ಮಾನಿಟರ್ ಇಡಿಯಾಗಿ ಮೂಲೆಯಲ್ಲಿ ಕೂತಿದ್ದರೆ ಅಷ್ಟಾಗಿ ಭಯವಿಲ್ಲ. ಯಾರೋ ಅದನ್ನು ಸುತ್ತಿಗೆಯಿಂದ ಒಡೆದ ಕ್ಷಣದಿಂದ ಅಪಾಯ ಶುರು. ಡಬ್ಬಾ ಮಾನಿಟರಿನ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ. ಹಳೆ ಬೋರ್ಡುಗಳ ಬೆಸುಗೆಯಲ್ಲೂ ಸೀಸ. ತಾಮ್ರಕ್ಕಾಗಿ ವೈರ್ ಸುಟ್ಟರೆ ಮೇಲಿನ ಪಿವಿಸಿ ಉರಿದು ಡಯಾಕ್ಸಿನ್‌ನಂಥ ವಿಷ ಹೊರಬರುತ್ತದೆ. ಆ ಕಪ್ಪು ಹೊಗೆ ಮೊದಲು ಹೋಗುವುದು ಬೆಂಕಿಯ ಪಕ್ಕ ನಿಂತವರ ಎದೆಗೆ. ಹೆಚ್ಚಿನ ಸಲ ಅವರು ದಿನಗೂಲಿಯವರು, ಹುಡುಗರು. ನನಗೆ ಅತಿ ಸಂಕಟ ಆಗುವುದು ಇದೇ.

ಒಡೆಯುವವರ ಲೆಕ್ಕಕ್ಕೂ ಅರ್ಥ ಇದೆ, ಯಾಕೆಂದರೆ ಒಳಗೆ ನಿಜವಾಗಿಯೂ ಬೆಲೆಯ ಲೋಹ ಇದೆ. ನಮ್ಮ ಜಿಲ್ಲೆಯ ಹಟ್ಟಿ ಗಣಿಯಲ್ಲಿ ಅಷ್ಟು ಆಳಕ್ಕೆ ಇಳಿದು ಒಂದು ಟನ್ ಅದಿರು ಮೇಲೆ ತಂದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೆ ಮೊಬೈಲುಗಳಲ್ಲಿ ನೂರು ಗ್ರಾಂಗಿಂತ ಜಾಸ್ತಿ ಇರುತ್ತದೆ. ಆದರೆ ಅದನ್ನು ಬಯಲಲ್ಲಿ ಬೋರ್ಡ್ ಸುಟ್ಟು, ಆಸಿಡ್‌ನಲ್ಲಿ ಅದ್ದಿ ತೆಗೆದರೆ ಅರ್ಧಂಬರ್ಧ ಲೋಹ ಸಿಗುತ್ತದೆ, ಉಳಿದದ್ದು ಮಣ್ಣಿಗೆ, ನೀರಿಗೆ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಹೀಗೆ ಸುಟ್ಟ ಬೂದಿ ರಾಮಗಂಗಾ ನದಿಯ ದಂಡೆಯಲ್ಲಿ ರಾಶಿ ಬಿದ್ದಿತ್ತು.

ಹಾಗಂತ ಗುಜರಿಯವರನ್ನು ಬೈಯುವವರ ಜೊತೆ ನಾನಿಲ್ಲ. ಓಣಿ ಓಣಿ ತಿರುಗಿ ಸಾಮಾನು ಸೇರಿಸುವವರು ಅವರೇ. ಅವರಿಲ್ಲದಿದ್ದರೆ ಅರ್ಧ ಊರಿನ ಅಡಾಪ್ಟರು, ರಿಮೋಟು ಕಸದ ಗಾಡಿಗೆ ಹೋಗುತ್ತಿದ್ದವು. ನಮ್ಮ ಅಂಗಡಿಗೆ ಬರುವ ಗುಜರಿಯವರೊಬ್ಬರು ನನಗೆ ನೇರವಾಗಿ ಕೇಳಿದ್ದರು: "ಅಣ್ಣಾರ, ಒಡದ್ರ ತಾಮ್ರ ಬರ್ತದ್ರಿ. ಇಡಿಯಾಗಿ ಕೊಟ್ರ ನಮಗೇನು ಸಿಗ್ತದ?" ನ್ಯಾಯವಾದ ಪ್ರಶ್ನೆ ಅಲ್ವಾ? ಈಗ ಅವರು ಬಿಚ್ಚದ ಸಾಮಾನು ತಂದರೆ, ಒಡೆದ ಮಾಲಿಗಿಂತ ಕೆಜಿಗೆ ಸ್ವಲ್ಪ ಜಾಸ್ತಿ ಕೊಡುತ್ತೇವೆ. ಉಪದೇಶಕ್ಕಿಂತ ಈ ದರವೇ ಕೆಲಸ ಮಾಡಿತು.

ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಗೊತ್ತಾಗದ ತೊಂದರೆ ಒಂದಿದೆ, ಅದು ಸಾಗಣೆ. ಹತ್ತು ಕೆಜಿ ಕೀಬೋರ್ಡಿಗೆ ಯಾವ ನೋಂದಾಯಿತ ರೀಸೈಕ್ಲರೂ (ಹಳೆ ಸಾಮಾನಿನಿಂದ ಲೋಹ ಸರಿಯಾಗಿ ಬೇರ್ಪಡಿಸುವವರು) ರಾಯಚೂರಿಗೆ ಗಾಡಿ ಕಳಿಸುವುದಿಲ್ಲ. ಲೋಡ್ ಆಗಬೇಕು. ಅದಕ್ಕೇ ನಾವು ಕೆಲವು ಸರ್ವಿಸ್ ಅಂಗಡಿಯವರು ಸೇರಿ ಒಂದು ಕೋಣೆ ಹಿಡಿದಿದ್ದೇವೆ. ಎಲ್ಲರ ಸಾಮಾನು ಅಲ್ಲಿಗೆ. ಬೋರ್ಡ್ ಒಂದು ಕಡೆ, ವೈರ್ ಒಂದು ಕಡೆ, ಮಾನಿಟರ್ ಇಡಿಯಾಗಿ ಒಂದು ಕಡೆ. ಲೋಡ್ ಆದಮೇಲೆ ಫೋನ್ ಮಾಡಿದರೆ ಬರುತ್ತಾರೆ, ತೂಕ ಹಾಕಿ ರಸೀದಿ ಕೊಡುತ್ತಾರೆ.

ಆ ಕೋಣೆ ತಗಡಿನ ಶೆಡ್ ಆಗಬಾರದು. ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ, ಊದಿದ ಲಿಥಿಯಂ ಬ್ಯಾಟರಿಗೆ ಅದೇ ಬೆಂಕಿಗೆ ದಾರಿ. ಮೊಬೈಲ್, ಲ್ಯಾಪ್‌ಟಾಪ್ ಬ್ಯಾಟರಿಗಳ ತುದಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ಕಬ್ಬಿಣದ ಡಬ್ಬಿಯಲ್ಲಿ ಬೇರೆಯಾಗಿ ಇಡುತ್ತೇವೆ. ಚುಚ್ಚುವುದು, ಬಗ್ಗಿಸುವುದು ಯಾರೂ ಮಾಡಕೂಡದು.

ಇನ್ವರ್ಟರ್, ಯುಪಿಎಸ್ ಬ್ಯಾಟರಿಯ ಕಥೆ ಬೇರೆ. ಹಳೆಯದು ಕೊಟ್ಟರೆ ಹೊಸದರಲ್ಲಿ ದುಡ್ಡು ಕಡಿಮೆ, ಹಾಗಾಗಿ ಅದನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಒಳಗಿನ ಆಸಿಡ್ ಚರಂಡಿಗೆ ಚೆಲ್ಲದೆ ಹಾಗೇ ಅಂಗಡಿಗೆ ಕೊಟ್ಟರೆ ಸಾಕು. ಮೌಸ್, ಟೋನರ್, ಚಾರ್ಜರಿಗೂ ಇಂಥ ಎಕ್ಸ್‌ಚೇಂಜ್ ಇದ್ದಿದ್ದರೆ ನಮ್ಮ ಅರ್ಧ ತಲೆನೋವು ಹೋಗುತ್ತಿತ್ತು.

ಜನ ಹಳೆ ಕಂಪ್ಯೂಟರ್ ಅಟ್ಟದಲ್ಲೇ ಇಟ್ಟುಕೊಳ್ಳಲು ಕಾರಣ ಸೋಮಾರಿತನ ಅಂದುಕೊಳ್ಳುವವರಿದ್ದಾರೆ. ಬಹಳ ಸಲ ಅದು ಭಯ. ಮಿಲ್ಲಿನ ಲೆಕ್ಕ, ಮನೆಯ ಫೋಟೊ, ಬ್ಯಾಂಕಿನ ಕಾಗದ ಎಲ್ಲ ಅದರೊಳಗೆ ಇರುತ್ತದೆ. ಸುಮ್ನೆ ಫಾರ್ಮ್ಯಾಟ್ ಮಾಡಿದರೆ ಡೇಟಾ ಹೋಗುವುದಿಲ್ಲ, ತಿಳಿದವರು ವಾಪಸ್ ತೆಗೆಯಬಹುದು. ಹಾರ್ಡ್ ಡಿಸ್ಕ್ ಆದರೆ ಇಡೀ ಡಿಸ್ಕಿನ ಮೇಲೆ ಮತ್ತೆ ಬರೆದು ಅಳಿಸುತ್ತೇವೆ. ಚಿಪ್ಪಿನಲ್ಲಿ ಡೇಟಾ ಇಡುವ ಹೊಸ ಬಗೆಯ ಡಿಸ್ಕ್ ಎಸ್‌ಎಸ್‌ಡಿಗೆ ಅದರದೇ ಅಳಿಸುವ ಕಮಾಂಡ್ ಇರುತ್ತದೆ. ಓಡದ ಡಿಸ್ಕಿಗೆ ಗಿರಾಕಿಯ ಎದುರೇ ಡ್ರಿಲ್ ಹಾಕುತ್ತೇವೆ. ಸೀರಿಯಲ್ ನಂಬರ್ ಬರೆದು ಸಹಿ ಮಾಡಿ ಒಂದು ಚೀಟಿ ಕೊಡಲು ಶುರು ಮಾಡಿದ ಮೇಲೆ ಅಟ್ಟದ ಸಾಮಾನು ತಾನಾಗಿ ಕೆಳಗೆ ಬಂತು.

ಬಂದದ್ದೆಲ್ಲ ಕಸವೂ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿತು. ವಿಂಡೋಸ್ 11 ಹಾಕಲಾಗದ ಗಟ್ಟಿಮುಟ್ಟಾದ ಎಷ್ಟೋ ಮಷಿನ್‌ಗಳನ್ನು ಜನ ಕೊಡಲು ತಂದರು. ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಕೂರಿಸಿದರೆ ಶಾಲೆಗೆ, ಅಂಗಡಿ ಲೆಕ್ಕಕ್ಕೆ ಇನ್ನೂ ಕೆಲವು ವರ್ಷ ನಡೆಯುತ್ತವೆ. ನನ್ನ ಪ್ರಕಾರ ಬಾಳುವ ಮಷಿನ್ ಒಡೆಯುವುದು ದೊಡ್ಡ ದಂಡ.

ಕಾಲೇಜು, ಕಚೇರಿಗಳಲ್ಲಿ ಇರುವ ಗಂಟು ಇನ್ನೊಂದು. ಸ್ಟಾಕ್ ರಿಜಿಸ್ಟರಿನಿಂದ ತೆಗೆಯಲು ಕಂಡಮ್ ಮಾಡಬೇಕು, ಅಂದರೆ ಬಳಕೆಗೆ ಬಾರದು ಅಂತ ಬರೆಯಬೇಕು, ಆಮೇಲೆ ಹರಾಜು. ಹರಾಜಿನಲ್ಲಿ ಜಾಸ್ತಿ ಕೂಗಿದವರಿಗೆ ಮಾಲು. ಗಾಜು, ಪಾದರಸ ಸರಿಯಾಗಿ ಸಂಭಾಳಿಸುವ ಖರ್ಚು ಇರುವವರು ಅಷ್ಟು ಕೂಗಲು ಆಗುವುದಿಲ್ಲ. ಒಡೆದು ಸುಡುವವರು ಕೂಗುತ್ತಾರೆ. ಒಂದು ಕಾಲೇಜಿನ ಹರಾಜು ಹೀಗೇ ಆದದ್ದನ್ನು ನೋಡಿ ಮನಸ್ಸು ಕೆಟ್ಟಿತ್ತು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ 106 ಬಗೆಯ ಸಾಮಾನುಗಳಿವೆ. ವರ್ಷದಲ್ಲಿ ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಇಂಥ ಸಾಮಾನು ಬಳಸುವ ಸಂಸ್ಥೆ ಅದನ್ನು ನೋಂದಾಯಿತರಿಗೇ ಕೊಡಬೇಕು. ಚಿಕ್ಕ ಸಂಸ್ಥೆಗಳೂ ಹರಾಜಿನ ನೋಟಿಸಿನಲ್ಲಿ ಒಂದು ಸಾಲು ಸೇರಿಸಬಹುದು: 'ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿತ ರೀಸೈಕ್ಲರ್ ಅಥವಾ ರಿಫರ್ಬಿಶರ್ ಮಾತ್ರ ಭಾಗವಹಿಸಬೇಕು.' ರಿಫರ್ಬಿಶರ್ ಅಂದರೆ ರಿಪೇರಿ ಮಾಡಿ ಮತ್ತೆ ಬಳಕೆಗೆ ಕೊಡುವವರು. ನಾನು ಸರ್ವಿಸ್ ಮಾಡುವ ಕಡೆಯೆಲ್ಲ ಈ ಸಾಲನ್ನು ಬರೆದುಕೊಟ್ಟು ಬರುತ್ತೇನೆ. ಜೊತೆಗೆ ರಸೀದಿ ಕೇಳಿ ಇಟ್ಟುಕೊಳ್ಳಿ ಅನ್ನುತ್ತೇನೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಸರಿಯಾದ ಜಾಗಕ್ಕೆ ಹೋದದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ನಿಮ್ಮ ಕಚೇರಿಯಲ್ಲಿ ಈ ಮಾರ್ಚಿಗೆ ಕಂಡಮ್ ಪಟ್ಟಿ ತಯಾರಾಗುತ್ತಿದ್ದರೆ, ನೋಟಿಸ್ ಹೊರಡುವ ಮೊದಲೇ ಆ ಸಾಲು ಸೇರಿಸಲು ಹೇಳಿ.