ಏಳದ ಹಿಟ್ಟು, ಬಿಸಿ ಪಾಪುಟ್ಟು

ಮಡಿಕೇರಿಗೆ ಬಂದ ಮೇಲೆ ಇದು ನನ್ನ ಮೂರನೇ ಮಳೆಗಾಲ. ದೋಸೆ ಹಿಟ್ಟಿಗೂ ನನಗೂ ಇನ್ನೂ ರಾಜಿ ಆಗಿಲ್ಲ. ನಮ್ಮ ಮಂಡ್ಯದಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಪಾತ್ರೆಯಿಂದ ಉಕ್ಕಿ ಕಟ್ಟೆ ಮೇಲೆಲ್ಲ ಹರಿದಿರುತ್ತದೆ. ಇಲ್ಲಿ, ಸುಮಾರು 1,150 ಮೀಟರ್ ಎತ್ತರದ ಜುಲೈ ಚಳಿಯಲ್ಲಿ, ಚಪ್ಪಲಿಗೂ ಬೂಷ್ಟು ಬರುತ್ತದೆ, ಹಿಟ್ಟಿಗೆ ಮಾತ್ರ ಹುಳಿ ಬರುವುದಿಲ್ಲ. ಕಂಬಳಿ ಹೊದಿಸಿ ನೋಡಿದೆ. ಒಲೆ ಪಕ್ಕ ಇಟ್ಟು ನೋಡಿದೆ. ಒಂದು ಸಲ ಬಿಸಿನೀರಿನ ಬಕೆಟ್ಟಿನಲ್ಲಿ ಕೂರಿಸಿಯೂ ಆಯಿತು.

ಆ ಭಾನುವಾರ ಕರೆಂಟ್ ಹೋಗಿ ಎರಡನೇ ದಿನ. ಮುಚ್ಚಳ ತೆಗೆದರೆ ಹಿಟ್ಟು ರಾತ್ರಿ ಹೇಗೆ ಮಲಗಿತ್ತೋ ಹಾಗೇ ಮಲಗಿತ್ತು. ಚಟ್ನಿಗೆ ಮಿಕ್ಸಿಯೂ ಓಡಲ್ಲ. "ಸುಮ್ನೆ ಕೊಡೆ ತಗೋ, ಹೊರಗೆ ತಿನ್ನೋಣ" ಅಂದರು ನಮ್ಮವರು.

ಓಂಕಾರೇಶ್ವರ ದೇವಸ್ಥಾನದ ಕಡೆ ಇಳಿಯುವ ದಾರಿಯಲ್ಲಿ, ನಮ್ಮ ಮನೆಯಿಂದ ಇನ್ನೂರು ಹೆಜ್ಜೆಗೆ ಒಂದು ಸಣ್ಣ ಕೆಫೆ ಇದೆ. ದಿನಾ ಅದರ ಮುಂದೆಯೇ ಓಡಾಡಿದರೂ ಒಳಗೆ ಕಾಲಿಟ್ಟಿರಲಿಲ್ಲ. ಬೋರ್ಡಿನ ಮೇಲಿನ ಕ್ಯಾಪುಚಿನೋ, ಮೋಕಾ ನೋಡಿ ಇದು ಪ್ರವಾಸಿಗಳ ಜಾಗ ಅಂದುಕೊಂಡಿದ್ದೆ.

ಒಳಗೆ ನಾಲ್ಕೇ ಮೇಜು. ಸರಿಯಾಗಿ ಮುಚ್ಚದ ಕಿಟಕಿಯಿಂದ ಎರಚಲು ಬಂದು ನನ್ನ ಎಡಗೈ ಒದ್ದೆ ಆಗುತ್ತಲೇ ಇತ್ತು. ಕಾಫಿ ಮೆಷಿನ್ ಮೇಲೆ ಟವೆಲ್ ಹೊದಿಸಿದ್ದರು. ಕರೆಂಟ್ ಇಲ್ಲದೆ ಅದೂ ನಮ್ಮ ಮಿಕ್ಸಿಯ ಹಾಗೆ ಕೂತಿತ್ತು.

"ದೋಸೆ ಇದೆಯಾ ಅಕ್ಕ?" ಕೇಳಿದೆ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ನಕ್ಕೇಬಿಟ್ಟರು. "ಈ ಮಳೆಯಲ್ಲಿ ದೋಸೆಯಾ? ಹಿಟ್ಟು ಏಳಬೇಕಲ್ವಾ! ಪಾಪುಟ್ಟು ಉಂಟು, ಕಡಂಬುಟ್ಟು ಉಂಟು. ಕೂತ್ಕೊಳ್ಳಿ."

ಅಬ್ಬಾ! ಹಾಗಾದರೆ ತಪ್ಪು ನನ್ನ ಕೈಯದಲ್ಲ.

ಮೊದಲು ಬೆಲ್ಲ ಕಾಫಿ ಬಂತು. ಹಾಲಿಲ್ಲ, ಗಾಜಿನ ಲೋಟದ ತಳ ಕಾಣುವಷ್ಟು ತೆಳ್ಳಗೆ. ಕಾಫಿ ಅಂದರೆ ನನಗೆ ಗಟ್ಟಿ ಡಿಕಾಕ್ಷನ್, ನೊರೆ ಹಾಲು. ಇದು ಮೊದಲ ಗುಟುಕಿಗೆ ಕಷಾಯ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ತಿಂಡಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅಂಥ ಎರಡು ಲೋಟ ಖಾಲಿ ಮಾಡಿದ್ದೆ.

ಪಾಪುಟ್ಟು ಅಗಲ ತಟ್ಟೆಯಲ್ಲೇ ಬೆಂದು, ಕೇಕಿನ ಹಾಗೆ ತುಂಡಾಗಿ ಬಂತು. ಅಂಚಿನಲ್ಲಿ ಅಕ್ಕಿ ತರಿ ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು. ಮೇಲೆ ತೆಂಗಿನ ತುರಿ ಹಬೆಯಲ್ಲಿ ಬೆಂದು ಮೆತ್ತಗಾಗಿತ್ತು. ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೆದ್ದು ಬರುತ್ತಿತ್ತು. ಜೊತೆಗೆ ಬೈಂಬಳೆ ಸಾರು, ಅಂದರೆ ಕಣಿಲೆ. ಮಳೆ ಹಿಡಿದ ಮೇಲೆ ಬರುವ ಎಳೆ ಬಿದಿರು. ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿದರೇ ಅದರ ಕಹಿ, ನಂಜು ಹೋಗುವುದು. ವಾಸನೆ ಸ್ವಲ್ಪ ಜಾಸ್ತಿಯೇ. ಬಾಯಿಗೆ ಹೋದ ಮೇಲೆ ಅದು ನೆನಪಿರಲಿಲ್ಲ.

ನಮ್ಮವರು ಬೆಳಗ್ಗೆ ಒಂಬತ್ತಕ್ಕೇ ಕಡಂಬುಟ್ಟು, ಪಂದಿ ಕರಿ (ಹಂದಿ ಮಾಂಸದ ಪಲ್ಯ) ಹಿಡಿದು ಕೂತರು. ನಿಂಬೆಹಣ್ಣಿನ ಗಾತ್ರದ, ಅಕ್ಕಿ ತರಿಯ ಬಿಳಿ ಉಂಡೆ, ಪಕ್ಕದಲ್ಲಿ ಕಪ್ಪಗಿನ ಮಾಂಸ. "ಇಷ್ಟು ಕಪ್ಪು ಹೇಗೆ?" ಅಂದದ್ದಕ್ಕೆ ಅಕ್ಕ ಶೆಲ್ಫಿನಿಂದ ಕಾಚಂಪುಳಿ ಬಾಟಲಿ ತಂದು ಓರೆ ಮಾಡಿ ತೋರಿಸಿದರು. ಡಾಂಬರಿನ ಹಾಗೆ ನಿಧಾನಕ್ಕೆ ಜಾರಿತು. ಹಣ್ಣು ಕೊಳೆಯಿಸಿ, ತೊಟ್ಟಿಕ್ಕುವ ರಸ ಹಿಡಿದು, ಕುದಿಸಿ ಕುದಿಸಿ ಇಳಿಸಿದ ಹುಳಿ. ಒಂದು ಹನಿ ನೆಕ್ಕಿದೆ. ಕಿವಿಯವರೆಗೂ ಜುಮ್ಮೆಂದಿತು.

ಪಾಪುಟ್ಟು ಹೇಗೆ ಮಾಡೋದು ಅಂತ ಕೇಳದೆ ಇರಲಾಗಲಿಲ್ಲ. "ಎಂತ ಉಂಟು ಅದರಲ್ಲಿ? ಒಂದು ಲೋಟ ತರಿ, ಒಂದು ಲೋಟ ಹಾಲು, ಒಂದು ಲೋಟ ನೀರು, ಕಾಯಿ, ಉಪ್ಪು. ತಟ್ಟೆಗೆ ಹೊಯ್ದು ಹಬೆಗೆ ಇಟ್ಟರೆ ಆಯ್ತು."

"ರಾತ್ರಿಯೇ ನೆನೆಸಬೇಕಾ?"

"ಯಾಕೆ? ಎದ್ದ ಮೇಲೆ ಕಲಸಿದರೆ ಸಾಕು."

ಆಗ ಹೊಳೆಯಿತು. ಪಾಪುಟ್ಟು, ಕಡಂಬುಟ್ಟು, ಶ್ಯಾವಿಗೆಯಂಥ ನೂಪುಟ್ಟು: ಕೊಡವರ ಈ ಯಾವ ತಿಂಡಿಯೂ ಹಿಟ್ಟು ಏಳಲಿ ಅಂತ ಕಾಯುವುದಿಲ್ಲ. ಮಿಕ್ಸಿಯೂ ಬೇಡ, ಬಿಸಿಲೂ ಬೇಡ. ಅಕ್ಕಿ ತರಿ, ಹಬೆ ಇದ್ದರೆ ಸಾಕು. ನಾನು ಎರಡು ವರ್ಷ ಮಂಡ್ಯದ ಹಿಟ್ಟಿಗೆ ಮಡಿಕೇರಿಯಲ್ಲಿ ಕಂಬಳಿ ಹೊದಿಸುತ್ತಾ ಕೂತಿದ್ದೆ!

ದುಡ್ಡು ಕೊಟ್ಟು ಕೊಡೆ ಬಿಚ್ಚುವಾಗ ಅಕ್ಕ ಕರೆದರು. "ಕಕ್ಕಡ 18ಕ್ಕೆ ಬನ್ನಿ, ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ ಮೊದಲ ವಾರ. ಮದ್ದು ಸೊಪ್ಪಿನ ಪಾಯಸ ಮಾಡ್ತೇನೆ, ನೇರಳೆ ಬಣ್ಣ ಇರ್ತದೆ." ಆಮೇಲೆ ಹತ್ತಿರ ಬಂದು ಮೆಲ್ಲಗೆ, "ತಿಂದ ಮೇಲೆ ಉಚ್ಚೆ ಕೆಂಪಾಗ್ತದೆ. ನಿಮ್ಮೆಜಮಾನರಿಗೆ ಮೊದಲೇ ಹೇಳಿಡಿ, ಹೆದರಿ ಆಸ್ಪತ್ರೆಗೆ ಓಡಿಯಾರು."

ನಾನಿನ್ನೂ ಹೇಳಿಲ್ಲ.