ಹಳೇ ಫಿಲ್ಮ್ ಕ್ಯಾಮೆರಾದ ಲೆನ್ಸು ಮಿರರ್‌ಲೆಸ್‌ಗೆ ಹಾಕಬಹುದಾ?

ಮಿರರ್‌ಲೆಸ್ ಕ್ಯಾಮೆರಾ ಕೊಂಡು, ಜೊತೆಗೆ ಬಂದ ಕಿಟ್ ಲೆನ್ಸಿನಲ್ಲಿ ಮೂರ್ನಾಲ್ಕು ತಿಂಗಳು ಕೈ ಪಳಗಿಸಿಕೊಂಡವರು ತಪ್ಪದೆ ಕೇಳುವ ಪ್ರಶ್ನೆ ಇದು: "ಮನೆಯಲ್ಲಿ ಹಳೇ ಫಿಲ್ಮ್ ಕ್ಯಾಮೆರಾ ಇದೆ. ಅದರ ಲೆನ್ಸನ್ನು ಇದಕ್ಕೆ ಹಾಕಬಹುದಾ?"

ಹಾಕಬಹುದು. ಕೂರಿಸುವುದು ಎರಡು ನಿಮಿಷದ ಕೆಲಸ. ಆದರೆ ಚಿತ್ರ ಚೆನ್ನಾಗಿ ಬರುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ ಬಳೆಯ, ಅಂದರೆ ಅಡಾಪ್ಟರಿನ ಅಳತೆ ಎಷ್ಟು ಕರಾರುವಾಕ್ಕಾಗಿದೆ, ಲೆನ್ಸಿನ ಒಳಗಡೆ ಎಷ್ಟು ಚೊಕ್ಕವಾಗಿದೆ. ಬಾಡಿ ಯಾವ ಕಂಪನಿಯದು ಎನ್ನುವುದು ಆಮೇಲಿನ ಮಾತು.

ಕೂರುವುದು ಯಾಕೆ ಅಂದರೆ, ಹಳೆಯ ಫಿಲ್ಮ್ ಕ್ಯಾಮೆರಾಗಳಾದ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಮೇಲೇಳಲು ಜಾಗ ಬೇಕಿತ್ತು. ಲೆನ್ಸ್ ಕೂರುವ ಬಾಯಿಯಿಂದ, ಅಂದರೆ ಮೌಂಟಿನಿಂದ ಫಿಲ್ಮಿನವರೆಗಿನ ಈ ದೂರಕ್ಕೆ ಫ್ಲಾಂಜ್ ಅಂತರ ಅನ್ನುತ್ತಾರೆ. ನಿಕಾನ್ ಎಫ್ ಮೌಂಟಿನಲ್ಲಿ ಅದು 46.5 ಮಿ.ಮೀ., ಎಂ42 ತಿರುಪಿನ ಮೌಂಟಿನಲ್ಲೂ ಪೆಂಟಾಕ್ಸ್ ಕೆ ಮೌಂಟಿನಲ್ಲೂ 45.46, ಮಿನೋಲ್ಟಾ ಎಂಡಿಯಲ್ಲಿ 43.5, ಕ್ಯಾನನ್ ಎಫ್‌ಡಿಯಲ್ಲಿ 42. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಹಾಗಾಗಿ ಸೋನಿ ಇ ಮೌಂಟಿಗೆ 18 ಮಿ.ಮೀ. ಸಾಕು, ಫ್ಯೂಜಿ ಎಕ್ಸ್‌ಗೆ 17.7, ನಿಕಾನ್ ಝಡ್‌ಗೆ 16, ಕ್ಯಾನನ್ ಆರ್‌ಎಫ್‌ಗೆ 20. ಮಿಕ್ಕಿದ ಜಾಗವನ್ನು ಒಂದು ಖಾಲಿ ಲೋಹದ ಬಳೆ ತುಂಬುತ್ತದೆ. ನಿಕಾನ್ ಎಫ್ ಲೆನ್ಸನ್ನು ಸೋನಿ ಬಾಡಿಗೆ ಹಾಕುವ ಅಡಾಪ್ಟರ್ 28.5 ಮಿ.ಮೀ. ದಪ್ಪ ಇರಬೇಕು, ಅಷ್ಟೇ. ಒಳಗೆ ಗಾಜಿಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ. ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ ಡಿಎಸ್‌ಎಲ್‌ಆರ್‌ಗೆ ಎಫ್‌ಡಿ ಲೆನ್ಸ್ ಹಾಕುವಾಗ ನಡುವೆ ಇನ್ನೊಂದು ಗಾಜು ಬೇಕಾಗಿ ಚಿತ್ರ ಹಾಳಾಗುತ್ತಿತ್ತು. ಆ ತಾಪತ್ರಯ ಇಲ್ಲಿಲ್ಲ.

ಬರೀ ಬಳೆ ತಾನೇ ಎಂದು ಅಗ್ಗದ್ದನ್ನು ತಂದುಬಿಡಬೇಡಿ. ಆ 28.5ರಲ್ಲಿ 0.1 ಮಿ.ಮೀ. ಹೆಚ್ಚಾದರೆ ಏನಾಗುತ್ತದೆ ನೋಡಿ. 50 ಮಿ.ಮೀ. ಲೆನ್ಸಿನ ಫೋಕಸ್ ರಿಂಗನ್ನು ಅನಂತದ ಗುರುತಿನವರೆಗೆ ತಿರುಗಿಸಿದರೂ ಫೋಕಸ್ ಸುಮಾರು 25 ಮೀಟರ್‌ಗೇ ನಿಂತುಬಿಡುತ್ತದೆ. ದೂರದ ಬೆಟ್ಟ ಎಂದೂ ಚೂಪಾಗುವುದಿಲ್ಲ. 28 ಮಿ.ಮೀ. ಲೆನ್ಸಾದರೆ 8 ಮೀಟರ್ ಕೂಡ ದಾಟುವುದಿಲ್ಲ. 135 ಮಿ.ಮೀ. ಲೆನ್ಸಿನಲ್ಲಿ ಇದೇ ತಪ್ಪು 180 ಮೀಟರ್‌ನ ಆಚೆಗೆ ಹೋಗುವುದರಿಂದ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಲೆನ್ಸು ಅಗಲವಾದಷ್ಟೂ ಅಡಾಪ್ಟರಿನ ತಪ್ಪು ಕಾಡುತ್ತದೆ.

ಇದಕ್ಕೆ ಹೆದರಿಯೇ ಅಡಾಪ್ಟರ್ ಮಾಡುವವರು ಬೇಕೆಂದೇ ಕೂದಲೆಳೆಯಷ್ಟು ತೆಳುವಾಗಿ ಮಾಡುತ್ತಾರೆ. ಆಗ ಅನಂತ ಸಿಗುತ್ತದೆ, ಆದರೆ ಗುರುತು ಮುಟ್ಟುವ ಮುಂಚೆಯೇ ಸಿಕ್ಕಿ, ರಿಂಗ್ ಅದನ್ನೂ ದಾಟಿ ತಿರುಗುತ್ತದೆ. ಲೆನ್ಸಿನ ಮೇಲಿನ ದೂರದ ಅಂಕಿಗಳನ್ನು ನಂಬುವ ಹಾಗಿಲ್ಲ. ವ್ಯೂಫೈಂಡರಿನಲ್ಲಿ ನೋಡಿ ಫೋಕಸ್ ಮಾಡುವವರಿಗೆ ಇದು ದೊಡ್ಡ ಕೊರತೆಯಲ್ಲ. ರಾತ್ರಿ ನಕ್ಷತ್ರಗಳನ್ನು ತೆಗೆಯುವಾಗ ರಿಂಗನ್ನು ಕೊನೆಯವರೆಗೆ ತಿರುಗಿಸಿ ಬಿಟ್ಟರೆ ಮಾತ್ರ ಒಂದು ಚಿತ್ರವೂ ದಕ್ಕುವುದಿಲ್ಲ.

ಅಡಾಪ್ಟರ್ ಬಂದ ದಿನವೇ ಪರೀಕ್ಷೆ ಮಾಡಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಅರ್ಧ ಕಿಲೋಮೀಟರಿಗಿಂತ ದೂರದ ಮರಸಾಲನ್ನೋ ಕಟ್ಟಡಗಳ ಸಾಲನ್ನೋ ಚೌಕಟ್ಟಿನ ಉದ್ದಕ್ಕೂ ಬರುವ ಹಾಗೆ ಹಿಡಿಯಿರಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದಿರಲಿ. ಎಫ್ 8ಕ್ಕೆ ಮುಚ್ಚಿದರೆ ಕಾಲು ಮಿ.ಮೀ.ವರೆಗಿನ ತಪ್ಪೂ ಮರೆಯಾಗಿಬಿಡುತ್ತದೆ, ಪರೀಕ್ಷೆ ಮಾಡಿದ್ದೇ ವ್ಯರ್ಥ. ನಡುಭಾಗಕ್ಕೆ ಫೋಕಸ್ ಮಾಡಿ, ಚಿತ್ರ ತೆಗೆದು, ಎಡತುದಿ ಬಲತುದಿಗಳನ್ನು ಹಿಗ್ಗಿಸಿ ನೋಡಿ. ಎರಡೂ ಒಂದೇ ಥರ ಮೃದುವಾಗಿದ್ದರೆ ಅದು ಹಳೆಯ ಲೆನ್ಸಿನ ಸ್ವಭಾವ. ಒಂದು ತುದಿ ಚೂಪಾಗಿದ್ದು ಇನ್ನೊಂದು ಕಲಸಿದಂತಿದ್ದರೆ ಅಡಾಪ್ಟರ್ ಓರೆಯಾಗಿದೆ, ಇಲ್ಲವೇ ಲೆನ್ಸಿನೊಳಗಿನ ಗಾಜು ಜರುಗಿದೆ. ಅದೇ ಅಡಾಪ್ಟರಿಗೆ ಇನ್ನೊಂದು ಲೆನ್ಸ್ ಹಾಕಿ ನೋಡಿದರೆ ತಪ್ಪು ಯಾವುದರದ್ದು ಎಂದು ತಿಳಿಯುತ್ತದೆ. ಲೆನ್ಸ್ ಅಲುಗಾಡಿದರೆ ಅಡಾಪ್ಟರಿನ ಮೌಂಟ್ ಹಿಡಿದಿರುವ ಸಣ್ಣ ತಿರುಪುಗಳನ್ನು ಬಿಗಿ ಮಾಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಇನ್ನೊಂದು ಮಾತು. ಹೊಸ ಅಡಾಪ್ಟರಿನ ತಿರುಪಿನ ಎಳೆಗಳಲ್ಲಿ ಲೋಹದ ಸಣ್ಣ ಪುಡಿ ಉಳಿದಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಬ್ಲೋವರಿನಿಂದ ಊದಿ, ಆಮೇಲೆ ಬಾಡಿಗೆ ಹಾಕಿ. ಮೊದಲು ಲೆನ್ಸನ್ನು ಅಡಾಪ್ಟರಿಗೆ ಸೇರಿಸಿಕೊಂಡು, ಎರಡನ್ನೂ ಒಂದೇ ಲೆನ್ಸಿನಂತೆ ಬಾಡಿಗೆ ಹಾಕುವುದು, ಬಿಚ್ಚುವಾಗಲೂ ಹಾಗೇ ಬಿಚ್ಚುವುದು ಒಳ್ಳೆಯದು. ಎಂ42 ಲೆನ್ಸನ್ನು ಬಾಡಿಯ ಮೇಲೆಯೇ ತಿರುಪಿದರೆ ಆ ಬಲವೆಲ್ಲ ಬಾಡಿಯ ಸಣ್ಣ ಲಾಕ್ ಪಿನ್ನಿನ ಮೇಲೆ ಬೀಳುತ್ತದೆ.

ಮೌಂಟಿಗೊಂದು ಹಟ ಇದೆ. ಎಂ42 ಲೆನ್ಸುಗಳ ಹಿಂದೆ ಒಂದು ಸಣ್ಣ ಪಿನ್ ಇರುತ್ತದೆ, ಅದನ್ನು ಒತ್ತಿದರೆ ಮಾತ್ರ ಅಪರ್ಚರ್ ಮುಚ್ಚುತ್ತದೆ. ಲೆನ್ಸಿನ ಮೇಲೆ ಎ–ಎಂ ಸ್ವಿಚ್ ಇದ್ದರೆ ಎಂಗೆ ತಳ್ಳಿ. ಇಲ್ಲದಿದ್ದರೆ ಪಿನ್ ಒತ್ತುವ ಒಳಅಂಚಿರುವ ಅಡಾಪ್ಟರನ್ನೇ ಕೇಳಿ ಕೊಳ್ಳಿ. ರಿಂಗ್ ತಿರುಗಿಸಿದರೂ ಬೆಳಕು ಕಡಿಮೆಯಾಗುತ್ತಿಲ್ಲ ಎಂದು ಕೇಳುವವರಲ್ಲಿ ಹೆಚ್ಚಿನವರದು ಇದೇ ತೊಂದರೆ. ಕ್ಯಾನನ್ ಎಫ್‌ಡಿ ಅಡಾಪ್ಟರಿನ ಮೇಲೆ ಓಪನ್, ಲಾಕ್ ಎಂದು ಬರೆದ ರಿಂಗ್ ಇರುತ್ತದೆ. ಲೆನ್ಸ್ ಕೂರಿಸಿದ ಮೇಲೆ ಅದನ್ನು ಲಾಕ್ ಕಡೆಗೆ ತಿರುಗಿಸಬೇಕು. ನಿಕಾನಿನ ಜಿ ಲೆನ್ಸುಗಳಿಗೆ ಅಪರ್ಚರ್ ರಿಂಗೇ ಇಲ್ಲ, ಅಡಾಪ್ಟರಿನಲ್ಲೇ ಅಪರ್ಚರ್ ನಿಯಂತ್ರಣ ಇರುವಂಥದ್ದು ಬೇಕು. 1987ರಲ್ಲಿ ಬಂದ ಕ್ಯಾನನ್ ಇಎಫ್ ಲೆನ್ಸುಗಳಲ್ಲಿ ಅಪರ್ಚರ್ ವಿದ್ಯುತ್ತಿನಿಂದಲೇ ನಡೆಯುವುದರಿಂದ ಖಾಲಿ ಬಳೆ ಕೆಲಸಕ್ಕೆ ಬಾರದು. ಅವಕ್ಕೆ ಎಲೆಕ್ಟ್ರಾನಿಕ್ ಅಡಾಪ್ಟರೇ ಆಗಬೇಕು.

ಈಗ ಲೆನ್ಸಿನ ಒಳಗೆ ನೋಡೋಣ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಧೂಳಿನ ಕಣಗಳು ಕಂಡೇ ಕಾಣುತ್ತವೆ, ಚಿತ್ರಕ್ಕೆ ಏನೂ ಮಾಡುವುದಿಲ್ಲ. ಮುಂದಿನ ಗಾಜಿನ ಒಂದೆರಡು ಸಣ್ಣ ಗೀರೂ ಪರವಾಗಿಲ್ಲ. ಹಿಂದಿನ ಗಾಜಿನ ಗೀರು ಹಾಗಲ್ಲ, ಅದು ಕಾಣುತ್ತದೆ. ಜೇಡರ ಬಲೆಯ ಎಳೆಗಳಂತೆ ಕವಲೊಡೆದದ್ದು ಫಂಗಸ್. ಅಂಚಿನಲ್ಲಿ ಸ್ವಲ್ಪ ಇದ್ದರೆ ರಿಪೇರಿಯವರು ಬಿಚ್ಚಿ ತೊಳೆದು ಕೊಡುತ್ತಾರೆ. ನಡುವೆ ಹರಡಿ ಕೋಟಿಂಗನ್ನೇ ತಿಂದಿದ್ದರೆ ತೊಳೆದರೂ ಗುರುತು ಹೋಗದು. ಇಡೀ ಗಾಜು ಉಸಿರು ಬಿಟ್ಟ ಕನ್ನಡಿಯಂತೆ ಮಸುಕಾಗಿದ್ದರೆ ಅಂಥದ್ದನ್ನು ಬಿಟ್ಟುಬಿಡುವುದೇ ಮೇಲು. ಅದರಲ್ಲಿ ತೆಗೆದ ಪ್ರತಿ ಚಿತ್ರದ ಮೇಲೂ ಮಂಜಿನ ಪರದೆ ಬೀಳುತ್ತದೆ.

ಗಾಜು ಹಳದಿಯಾಗಿದ್ದರೆ ಗಾಬರಿ ಬೇಡ. ಸೂಪರ್ ಟಕುಮಾರ್ 50 ಮಿ.ಮೀ. ಎಫ್ 1.4ರ ಏಳು ಗಾಜಿನ ಮಾದರಿಯಂಥ ಕೆಲವು ಲೆನ್ಸುಗಳಲ್ಲಿ ಥೋರಿಯಂ ಬೆರೆತ ಗಾಜಿದ್ದು, ವರ್ಷ ಕಳೆದಂತೆ ಹಳದಿಯಾಗುತ್ತದೆ. ಅತಿನೇರಳೆ ಬೆಳಕು ಬಿದ್ದರೆ ಬಣ್ಣ ಇಳಿಯುತ್ತದೆ. ಅಪರ್ಚರ್ ರಿಂಗ್ ತಿರುಗಿಸಿದಾಗ ಎಲೆಗಳು ಚಟ್ಟನೆ ಚಲಿಸಬೇಕು. ನಿಧಾನವಾಗಿ ಸರಿದರೆ ಅವುಗಳ ಮೇಲೆ ಎಣ್ಣೆ ಇಳಿದಿದೆ ಎಂದರ್ಥ. ಫೋಕಸ್ ರಿಂಗ್ ಬಿಗಿಯಾಗಿದ್ದರೆ ಒಳಗಿನ ಗ್ರೀಸ್ ಒಣಗಿದೆ. ಅದನ್ನು ಬದಲಿಸಬಹುದು, ಆದರೆ ಬಲವಂತವಾಗಿ ತಿರುಗಿಸಬೇಡಿ.

ಎಲ್ಲ ಸರಿಯಾಗಿ ಕೂರಿಸಿದ ಮೇಲೂ ಶಟರ್ ಒತ್ತಿದರೆ ಕ್ಯಾಮೆರಾ ಸುಮ್ಮನಿರಬಹುದು. ಲೆನ್ಸೇ ಇಲ್ಲ ಎಂದು ಅದು ತಿಳಿದುಕೊಂಡಿದೆ. ಸೋನಿಯ ಮೆನುವಿನಲ್ಲಿ 'ರಿಲೀಸ್ ವಿತೌಟ್ ಲೆನ್ಸ್', ಫ್ಯೂಜಿಯಲ್ಲಿ 'ಶೂಟ್ ವಿತೌಟ್ ಲೆನ್ಸ್' ಎಂದಿರುವುದನ್ನು ಆನ್ ಮಾಡಿ. ಮೋಡ್ ಡಯಲ್ ಎ ಅಥವಾ ಎಂನಲ್ಲಿರಲಿ. ಎಯಲ್ಲಿ ಅಪರ್ಚರನ್ನು ಲೆನ್ಸಿನ ಮೇಲೆ ನೀವು ಇಡುತ್ತೀರಿ, ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಲೈಟ್ ಮೀಟರ್ ಸರಿಯಾಗಿಯೇ ಕೆಲಸ ಮಾಡುತ್ತದೆ, ಯಾಕೆಂದರೆ ಅದು ಅಳೆಯುವುದು ಲೆನ್ಸಿನೊಳಗಿಂದ ಬಂದ ಬೆಳಕನ್ನೇ.

ಬಾಡಿಯಲ್ಲಿ ಕೈ ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಶನ್ ಇದ್ದರೆ ಲೆನ್ಸಿನ ಫೋಕಲ್ ಲೆಂತನ್ನು (50 ಮಿ.ಮೀ., 135 ಮಿ.ಮೀ. ಎಂಬ ಅಂಕಿ) ಮೆನುವಿನಲ್ಲಿ ಕೈಯಾರೆ ತುಂಬಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಎಪಿಎಸ್‌–ಸಿ ಬಾಡಿ (ಫಿಲ್ಮಿಗಿಂತ ಚಿಕ್ಕ ಸೆನ್ಸರಿನದು) ಎಂದು ಒಂದೂವರೆ ಪಟ್ಟು ಮಾಡಿ, 50 ಮಿ.ಮೀ. ಲೆನ್ಸಿಗೆ 75 ಎಂದು ತುಂಬುತ್ತಾರೆ. ಹಾಗೆ ತುಂಬಿದರೆ ಸೆನ್ಸರ್ ಬೇಕಾದ್ದಕ್ಕಿಂತ ಹೆಚ್ಚು ಸರಿದು, ಅದೇ ಚಿತ್ರವನ್ನು ಅಲುಗಿಸುತ್ತದೆ. ಲೆನ್ಸಿನ ಮೇಲೆ ಏನು ಬರೆದಿದೆಯೋ ಅದನ್ನೇ ತುಂಬಿ. ಲೆನ್ಸ್ ಬದಲಿಸಿದಾಗ ಈ ಅಂಕಿಯನ್ನೂ ಬದಲಿಸಲು ಮರೆಯಬೇಡಿ. ಸ್ಟೆಬಿಲೈಸೇಶನ್ ಇಲ್ಲದ ಬಾಡಿಯಲ್ಲಾದರೆ ಶಟರ್ ವೇಗದ ಲೆಕ್ಕಕ್ಕೆ ಮಾತ್ರ ಕ್ರಾಪ್ (ಚಿಕ್ಕ ಸೆನ್ಸರಿನ ಆ ಒಂದೂವರೆ ಪಟ್ಟು) ಸೇರಿಸಿ: 135 ಮಿ.ಮೀ. ಲೆನ್ಸಿಗೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್‌ನಲ್ಲಿ 1/160, ಎಪಿಎಸ್‌–ಸಿಯಲ್ಲಿ 1/200 ಸೆಕೆಂಡಿಗಿಂತ ನಿಧಾನ ಬೇಡ.

ಫೋಕಸ್ ಮಾಡುವುದಕ್ಕೆ ಪೀಕಿಂಗ್ (ಚೂಪಾದ ಅಂಚುಗಳಿಗೆ ಬಣ್ಣದ ಗೆರೆ ತೋರಿಸುವ ಸೌಲಭ್ಯ) ಒಂದನ್ನೇ ನಂಬಬೇಡಿ. ಎಫ್ 1.8ರಲ್ಲಿ ಹತ್ತಿರದ ಮುಖ ತೆಗೆಯುವಾಗ ರೆಪ್ಪೆಯ ಮೇಲೂ ಕಿವಿಯ ಮೇಲೂ ಒಟ್ಟಿಗೇ ಕೆಂಪು ಗೆರೆ ಮಿನುಗುತ್ತದೆ. ಚಿತ್ರದಲ್ಲಿ ಚೂಪಾಗಿರುವುದು ಅವೆರಡರಲ್ಲಿ ಒಂದೇ, ಕೆಲವೊಮ್ಮೆ ಎರಡೂ ಅಲ್ಲ. ಪೀಕಿಂಗಿನಿಂದ ಸಮೀಪಕ್ಕೆ ಬಂದು, ಮ್ಯಾಗ್ನಿಫೈ ಬಟನ್ ಒತ್ತಿ, ಕಣ್ಣಿನ ರೆಪ್ಪೆಕೂದಲು ಒಂದೊಂದಾಗಿ ಬಿಡಿಸಿ ಕಾಣುವವರೆಗೆ ರಿಂಗ್ ತಿರುಗಿಸಿ. ಮ್ಯಾಗ್ನಿಫೈಯನ್ನು ಹೆಬ್ಬೆರಳಿಗೆ ಸಿಗುವ ಬಟನ್ನಿಗೆ ಇಟ್ಟುಕೊಂಡರೆ ಇದಕ್ಕೆ ಎರಡು ಸೆಕೆಂಡು ಸಾಕು. ಪೀಕಿಂಗ್ ಮಟ್ಟ 'ಲೋ' ಇರಲಿ, 'ಹೈ' ಇಟ್ಟರೆ ಇಡೀ ಚಿತ್ರವೇ ಮಿನುಗುತ್ತದೆ.

ಹೀಲಿಯಾಸ್ 44-2ರಂಥ ಪ್ರಿಸೆಟ್ ಲೆನ್ಸುಗಳಲ್ಲಿ ಅಪರ್ಚರಿಗೆ ಎರಡು ರಿಂಗ್. ಒಂದರಲ್ಲಿ ಎಫ್ 4 ಎಂದು ಮಿತಿ ಹಾಕಿಟ್ಟರೆ, ಇನ್ನೊಂದು ಎಫ್ 2ರಿಂದ 4ರವರೆಗೆ ಮಾತ್ರ ತಿರುಗಿ ನಿಲ್ಲುತ್ತದೆ. ಪೂರ್ತಿ ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ರಿಂಗನ್ನು ತಡೆಯುವವರೆಗೆ ತಿರುಗಿಸಿ, ಕ್ಲಿಕ್ ಮಾಡುವುದು. ಕೈಗೆ ಬಂದ ಮೇಲೆ ತುಂಬ ಹಿತವಾದ ಕ್ರಮ ಇದು. ಆದರೆ ದೊಡ್ಡ ಬಾಯಿಯ ಕೆಲವು ಹಳೆಯ ಲೆನ್ಸುಗಳಲ್ಲಿ ಅಪರ್ಚರ್ ಮುಚ್ಚಿದಾಗ ಫೋಕಸ್ ಕೊಂಚ ಹಿಂದಕ್ಕೆ ಸರಿಯುತ್ತದೆ. ಅಂಥವುಗಳಲ್ಲಿ ಎಫ್ 2.8, ಎಫ್ 4ರ ಚಿತ್ರಗಳಿಗೆ ಅದೇ ಅಪರ್ಚರಿನಲ್ಲೇ ಫೋಕಸ್ ಮಾಡಬೇಕು.

ಚಿತ್ರದ ನಡುವೆ ಬೆಳ್ಳನೆಯ ಮಸುಕು ವೃತ್ತ ಕಂಡರೆ ಲೆನ್ಸನ್ನು ಬೈಯಬೇಡಿ. ಸೆನ್ಸರ್ ಫಿಲ್ಮಿಗಿಂತ ಹೆಚ್ಚು ಹೊಳೆಯುತ್ತದೆ. ಅದರಿಂದ ಪ್ರತಿಫಲಿಸಿದ ಬೆಳಕು ಲೆನ್ಸಿನ ಹಿಂದಿನ ಗಾಜಿಗೋ ಅಡಾಪ್ಟರಿನ ಒಳಗೋಡೆಗೋ ಬಡಿದು ವಾಪಸು ಬರುತ್ತದೆ. ಒಳಗೋಡೆ ಮಿರುಗುತ್ತಿದ್ದರೆ ಬೆಳಕು ಹೀರುವ ಕಪ್ಪು ಅಂಟುಬಟ್ಟೆ ಹಚ್ಚಿ, ಮುಂದೆ ಹುಡ್ ಹಾಕಿ.

ಓಡುವ ಮಕ್ಕಳು, ಹಾರುವ ಹಕ್ಕಿ ನಿಮ್ಮ ಮುಖ್ಯ ವಿಷಯವಾಗಿದ್ದರೆ ಈ ಲೆನ್ಸುಗಳು ನಿಮಗಲ್ಲ. ಆಟೋಫೋಕಸ್ ಲೆನ್ಸಿಗೆ ದುಡ್ಡು ಕೂಡಿಡಿ. ಹೂವು, ಮುಖ, ನಿಂತ ವಸ್ತು, ಸಂಜೆ ಬೆಳಕು ಇವಕ್ಕೆ ಹೇಳಿ ಮಾಡಿಸಿದಂತಿರುತ್ತವೆ.

ಮನೆಯಲ್ಲಿ ಏನೂ ಇಲ್ಲದೆ ಹೊಸದಾಗಿ ಹುಡುಕುವವರು 50 ಮಿ.ಮೀ. ಎಫ್ 1.8ರಿಂದ ಶುರುಮಾಡಿ. ಎಲ್ಲ ಕಂಪನಿಗಳೂ ಅದನ್ನು ಚೆನ್ನಾಗಿಯೇ ಮಾಡುತ್ತಿದ್ದವು. ಎಪಿಎಸ್‌–ಸಿ ಬಾಡಿಯಲ್ಲಿ ಅದು 75 ಮಿ.ಮೀ. ಲೆನ್ಸಿನಷ್ಟು ನೋಟ ಕೊಡುತ್ತದೆ (ಕ್ಯಾನನ್‌ನಲ್ಲಿ 80), ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 100. ಮುಖ ತೆಗೆಯಲು ಲಾಯಕ್ಕು, ಸಣ್ಣ ಕೋಣೆಯಲ್ಲಿ ಇಕ್ಕಟ್ಟು. ಎರಡನೆಯದಾಗಿ 135 ಮಿ.ಮೀ. ಎಫ್ 2.8 ಅಥವಾ 3.5 ನೋಡಬಹುದು. ಅದನ್ನು ಹಾಕಿದಾಗ ಎಡಗೈಯಲ್ಲಿ ಲೆನ್ಸನ್ನೇ ಹಿಡಿಯಿರಿ, ಭಾರವೆಲ್ಲ ಅಡಾಪ್ಟರಿನ ಮೇಲೆ ಬೀಳದಿರಲಿ. ಎಪಿಎಸ್‌–ಸಿ ಇರುವವರು ಹಳೆಯ 28 ಮಿ.ಮೀ. ಕೊಂಡರೆ ಸಿಗುವುದು 42ರ ನೋಟ, ಜೊತೆಗೆ ಮೇಲೆ ಹೇಳಿದ ಅಡಾಪ್ಟರಿನ ತಕರಾರು. ಅಗಲದ ಕೆಲಸಕ್ಕೆ ನಿಮ್ಮ ಕಿಟ್ ಲೆನ್ಸನ್ನೇ ಇಟ್ಟುಕೊಳ್ಳಿ, ಅದು ಅಲ್ಲಿ ಇದಕ್ಕಿಂತ ಚೂಪಾಗಿರುತ್ತದೆ.